ಕಾಕಾನ ಫೋಟೊ

ಇಲ್ಲಿ ಏನಾದರೂ ಬರೆದು ನಾಕು ತಿಂಗಳ ಮೇಲಾಯಿತು. ಆಫೀಸು, ಮದುವೆ ಸೀಜನ್ನು, ಮತ್ತೆ ಆಫೀಸು... ನೆಪಗಳಿಗೇನು ಬರವಿಲ್ಲ. ನಿಜ ಹೇಳಬೇಕೆಂದರೆ, ಬರೆಯಬೇಕಾದ ವಿಷಯ ಒಂದೇ ಇತ್ತು, ಅದನ್ನು ಬರೆಯಲು ನಾಚಿಕೆಯಾಗುತ್ತಿತ್ತು. ಈವತ್ತು ಬರೆದುಬಿಡುತ್ತೇನೆ.

ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡಬೇಕು. ನಾನು ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೋಡು ಬರೆಯುವವ. ತಿಂಗಳಿಗೆರಡು ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಶನಿವಾರ ಬೆಳಿಗ್ಗೆ ಹುಬ್ಬಳ್ಳಿ. ಅಲ್ಲಿಂದ ಕಲಘಟಗಿ ದಾರಿ ಹಿಡಿದರೆ ನಮ್ಮೂರು ಮಿಶ್ರಿಕೋಟಿ. ಊರು ಮುಟ್ಟಿದ ಮೇಲೆ ನಾನು ಇಂಜಿನಿಯರ್ ಅಲ್ಲ, 'ಫೋಟೊದಾಂವ'. ಮದುವೆ, ಸೀಮಂತ, ಯಾವುದಾದರೂ ಸಂಗೀತ ಕಛೇರಿ, ಒಮ್ಮೊಮ್ಮೆ ಅಜ್ಜ-ಅಜ್ಜಿಯರನ್ನು ಕಟ್ಟೆಯ ಮೇಲೆ ಕೂರಿಸಿ ತೆಗೆಯುವ ಭಾವಚಿತ್ರ. ದುಡ್ಡು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ದುಡ್ಡಿಗಿಂತ ಹೆಚ್ಚಾಗಿ, ವಾರವಿಡೀ ಪರದೆ ನೋಡಿ ಬತ್ತಿದ ಕಣ್ಣಿಗೆ ಮನುಷ್ಯರ ಮುಖ ಸಿಗುತ್ತದೆ. ನಮ್ಮಜ್ಜಿಗೆ ಮಾತ್ರ ಇದು ಇನ್ನೂ ಪಚನವಾಗಿಲ್ಲ. "ಇಷ್ಟ್ ಸಾಲಿ ಕಲ್ತು ಕಡೀಕ ಫೋಟೊ ಹೊಡಿಯಾಕ ಹೊಂಟಾನ ನೋಡ" ಅಂತ ಓಣಿಯವರಿಗೆಲ್ಲ ಹೇಳುತ್ತಾಳೆ.

2024ರ ಏಪ್ರಿಲ್‌ನಲ್ಲಿ ನಮ್ಮ ಓಣಿಯಲ್ಲೇ ಒಂದು ಮದುವೆ. ಹುಡುಗಿಯ ಅಪ್ಪ ನನಗೆ ಸಂಬಂಧದಲ್ಲಿ ಏನೂ ಅಲ್ಲ, ಆದರೆ ಬುದ್ಧಿ ಬಂದಾಗಿನಿಂದ 'ಕಾಕಾ' ಅಂತಲೇ ಕರೆದವನು. ನಾನು ಐದನೇ ಇಯತ್ತೆಯಲ್ಲಿದ್ದಾಗ ಸೈಕಲ್ ಕಲಿಸಿದ್ದೂ ಅವರೇ. ಹೀಗಾಗಿ ಮದುವೆ ಫೋಟೊ ಬೇರೆಯವರಿಗೆ ಹೇಳುವ ಪ್ರಶ್ನೆಯೇ ಇರಲಿಲ್ಲ.

ನಮ್ಮ ಕಡೆ ಮದುವೆಯ ಫೋಟೊ ತೆಗೆದವರಿಗೆ ಗೊತ್ತು, ಅದೊಂದು ಯುದ್ಧ. ಅರಿಶಿಣ, ಸುರಗಿ ಇವೆಲ್ಲ ನಿಧಾನ, ಬೇಕಾದಂತೆ ತೆಗೆಯಬಹುದು. ಅಕ್ಕಿಕಾಳು ಬೀಳುವ ಹೊತ್ತಿಗೆ ಮಾತ್ರ ಹಂದರದ ಅಷ್ಟೂ ಜನ ಎದ್ದು ನಿಲ್ಲುತ್ತಾರೆ. ನಿಮ್ಮ ಮುಂದೆ ನೂರು ಕೈ, ನೂರು ಮೊಬೈಲು. ತಾಳಿ ಕಟ್ಟುವ ಕ್ಷಣ ನಾಕೈದು ಸೆಕೆಂಡು. ಆ ನಾಕೈದು ಸೆಕೆಂಡಿನಲ್ಲಿ ನಿಮ್ಮ ಫ್ಲಾಶ್ ಚಾರ್ಜ್ ಆಗಿರಬೇಕು, ಲೆನ್ಸಿನ ಮೇಲೆ ಅಕ್ಕಿಕಾಳು ಬಿದ್ದಿರಬಾರದು, ಸೋದರಮಾವ ಅಡ್ಡ ಬರಬಾರದು. ಅದು ಮುಗಿಯಿತೋ, ಶುರು ಆಹೇರಿ. ಬೀಗರು, ಬಿಜ್ಜರು, ಅವರ ಬೀಗರು, ಒಬ್ಬೊಬ್ಬರಾಗಿ ವೇದಿಕೆ ಹತ್ತುತ್ತಾರೆ. ಸೀರೆ, ಶಲ್ಯ, ಮುಯ್ಯಿಯ ಲಕೋಟೆ ಕೊಡುತ್ತಾರೆ, ನಿಮ್ಮ ಕಡೆ ತಿರುಗಿ ನಿಲ್ಲುತ್ತಾರೆ. ಒಬ್ಬರದು ತಪ್ಪಿದರೂ ಮುಂದಿನ ಹತ್ತು ವರ್ಷ "ನಮ್ಮದೊಂದು ಫೋಟೊ ತಗೀಲಿಲ್ಲ" ಅನ್ನುವ ಮಾತು. ಹೀಗಾಗಿ ಎರಡು ತಾಸು ಫೋಟೊದವ ವೇದಿಕೆಯ ಮುಂದಿನಿಂದ ಅಲ್ಲಾಡುವಂತಿಲ್ಲ.

ಇದರಿಂದ ಏನಾಗುತ್ತದೆ ಗೊತ್ತಾ? ವೇದಿಕೆ ಹತ್ತಿದವರೆಲ್ಲ ಆಲ್ಬಮ್ಮಿಗೆ ಬರುತ್ತಾರೆ. ಹತ್ತದವರು ಬರುವುದಿಲ್ಲ. ಕಾಕಾ ಅಂದು ವೇದಿಕೆ ಹತ್ತಿದ್ದು ಎರಡೇ ಸಲ. ಉಳಿದ ಹೊತ್ತೆಲ್ಲ ಹಂದರದ ಹಿಂದೆ, ಒಲೆಯ ಹತ್ತಿರ, ಪಂಕ್ತಿಯ ನಡುವೆ. "ಎಲ್ಲಾರೂ ಉಂಡ್ರಿಲ್ಲೋ? ಏ, ಈ ಕಡೆ ಹುಗ್ಗಿ ತರ‍್ರೋ!" ಅನ್ನುವ ದನಿ ಮಾತ್ರ ನನಗೆ ದಿನವಿಡೀ ಕೇಳುತ್ತಿತ್ತು.

ಇನ್ನು ನನ್ನ ಬುದ್ಧಿವಂತಿಕೆಯ ಕತೆ. ಒಂದು ಮದುವೆಗೆ ಸಾವಿರಕ್ಕೂ ಹೆಚ್ಚು ಫೋಟೊ ತೆಗೆಯುತ್ತೇವೆ. ಗಿರಾಕಿಗೆ ಕೊಡುವುದು ನಾನೂರು, ಐನೂರು. ಆರಿಸುವುದೇ ತಲೆನೋವಿನ ಕೆಲಸ. ಇಂಜಿನಿಯರ್ ಅಲ್ಲವೇ ನಾನು, ಅದಕ್ಕೊಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಫೋಟೊ ಎಷ್ಟು ಸ್ಪಷ್ಟವಿದೆ ಅಂತ ಅಳೆಯಲು ಒಂದು ಸರಳ ಉಪಾಯವಿದೆ, ಲ್ಯಾಪ್ಲಾಸಿಯನ್ ಅನ್ನುತ್ತಾರೆ. ಚಿತ್ರದಲ್ಲಿ ಅಂಚುಗಳು ಚೂಪಾಗಿದ್ದರೆ ಅಂಕಿ ದೊಡ್ಡದು ಬರುತ್ತದೆ, ಮಸುಕಾಗಿದ್ದರೆ ಸಣ್ಣದು. ಇಂತಿಷ್ಟಕ್ಕಿಂತ ಕಡಿಮೆ ಬಂದದ್ದನ್ನು ಸ್ಕ್ರಿಪ್ಟ್ ತಾನೇ ಅಳಿಸಿಹಾಕುತ್ತಿತ್ತು. ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ! ಆಫೀಸಿನ ಗೆಳೆಯರಿಗೆಲ್ಲ ತೋರಿಸಿ ಬೀಗಿದ್ದೆ.

ಕಾಕಾನ ಮಗಳ ಮದುವೆಯ ಫೋಟೊಗಳೂ ಅದೇ ಜರಡಿಯಲ್ಲಿ ಸೋಸಿದವು. 420 ಉಳಿದವು. ಕರಿಜ್ಮಾ ಆಲ್ಬಮ್ ಆಯಿತು, ಪೆನ್‌ಡ್ರೈವ್ ಕೊಟ್ಟೆ, ಎಲ್ಲರೂ ಛಲೋ ಬಂದಾವ ಅಂದರು. ಮುಗಿಯಿತು.

ಡಿಸೆಂಬರಿನಲ್ಲಿ ಒಂದು ಮುಂಜಾನೆ ಅವ್ವ ಫೋನು ಮಾಡಿ, ಕಾಕಾ ಹೋದರು ಅಂದಳು. ಎದೆನೋವು ಅಂದವರನ್ನು ಹುಬ್ಬಳ್ಳಿಗೆ ಕರೆದೊಯ್ಯುವಾಗ ದಾರಿಯಲ್ಲೇ. ನನಗೆ ಅಂದು ಹೋಗಲಾಗಲಿಲ್ಲ. ಮೂರನೇ ದಿನ ಅವರ ಮಗಳ ಫೋನು.

"ಅಣ್ಣಾ, ಗಣಾರಾಧನೆಗೆ ಅಪ್ಪಂದೊಂದು ಫೋಟೊ ಬೇಕಾಗಿತ್ತು. ಆಧಾರ್ ಕಾರ್ಡಿನ್ಯಾಗಿಂದು ದೊಡ್ಡದು ಮಾಡಿಸ್ಯಾರ... ಅದರಾಗ ಅಪ್ಪ ಅಪ್ಪನ ಗತೆ ಕಾಣವಲ್ರು. ಮದುವ್ಯಾಗ ನೀ ತಗದಿರ‍್ತಿಯಲಾ, ನಕ್ಕಿದ್ದು ಒಂದರ ಇದ್ರ ಕಳಸು."

"ಇರ‍್ತೈತಿ ತಂಗಿ, ಸಂಜಿಮುಂದ ಕಳಸ್ತೀನಿ" ಅಂದೆ. ಅಷ್ಟು ಫೋಟೊಗಳಲ್ಲಿ ಒಂದು ಇರುವುದಿಲ್ಲವೇ?

420ರಲ್ಲಿ ಕಾಕಾ ಇದ್ದದ್ದು ಒಂಬತ್ತರಲ್ಲಿ. ಆರರಲ್ಲಿ ಬೆನ್ನು. ಎರಡು ಗುಂಪು ಫೋಟೊ, ಅವುಗಳಲ್ಲಿ ಅವರು ಪೊಲೀಸ್ ಠಾಣೆಗೆ ಬಂದವರಂತೆ ಬಿಗಿಯಾಗಿ ನಿಂತಿದ್ದಾರೆ. ಇನ್ನೊಂದರಲ್ಲಿ ಯಾರದೋ ಅಕ್ಕಿಕಾಳಿನ ಕೈ ಅವರ ಅರ್ಧ ಮುಖ ಮುಚ್ಚಿದೆ. ಸೈಕಲ್ಲಿನ ಹಿಂದೆ ಓಡೋಡಿ ಬರುತ್ತಿದ್ದ ನನ್ನ ಕಾಕಾ ಎಲ್ಲೂ ಇರಲಿಲ್ಲ.

ಆಗ ನೆನಪಾಯಿತು. ಮದುಮಗಳನ್ನು ಕಳಿಸಿಕೊಟ್ಟ ಮೇಲೆ, ರಾತ್ರಿ, ಹಂದರದಲ್ಲಿ ಒಂದೇ ಟ್ಯೂಬ್‌ಲೈಟು ಉಳಿದಿದ್ದಾಗ, ಕಾಕಾ ಅಡಿಗೆಯವರ ಹತ್ತಿರ ಮೆಟ್ಟಿಲ ಮೇಲೆ ಕುಂತು ದಿನದ ಮೊದಲ ಊಟ ಮಾಡುತ್ತಿದ್ದರು. ನಾನು ಬ್ಯಾಗು ಕಟ್ಟುತ್ತಾ ಸುಮ್ಮನೆ ಒಂದು ಕ್ಲಿಕ್ ಮಾಡಿದ್ದೆ. ಬೆಳಕು ಕಡಿಮೆ, ಶಟರ್ ನಿಧಾನ, ಕೈಯೂ ಸೋತಿತ್ತು. ಮಸುಕಾಗಿಯೇ ಬಂದಿರಬೇಕು. ಅಂದರೆ... ಸ್ಕ್ರಿಪ್ಟು. ನಾನು ಕಣ್ಣಾರೆ ನೋಡುವ ಮೊದಲೇ ಅದು ಕಾಕಾನನ್ನು ಅಳಿಸಿಹಾಕಿತ್ತು.

ಲ್ಯಾಪ್‌ಟಾಪಿನಲ್ಲಿ ಹುಡುಕುವುದು ವ್ಯರ್ಥ ಅಂತ ಗೊತ್ತಿತ್ತು. ಈಗಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಟ್ರಿಮ್ ಅಂತೊಂದು ಏರ್ಪಾಡು ಇರುತ್ತದೆ. ಫೈಲು ಅಳಿಸಿದರೆ ಆ ಜಾಗ ಖಾಲಿ ಅಂತ ಡಿಸ್ಕಿಗೆ ಸುದ್ದಿ ಹೋಗುತ್ತದೆ, ಅದು ನಿಜಕ್ಕೂ ಒರೆಸಿಬಿಡುತ್ತದೆ. ಉಳಿದದ್ದು ಕ್ಯಾಮೆರಾದ ಮೆಮರಿ ಕಾರ್ಡು. ಅಂದು ಸಂಜೆಯ ಫೋಟೊಗಳೆಲ್ಲ ಎರಡನೇ ಕಾರ್ಡಿನಲ್ಲಿದ್ದವು, ಸುಮಾರು 380. ಅದನ್ನೂ ಸೆಪ್ಟೆಂಬರಿನಲ್ಲಿ ಫಾರ್ಮ್ಯಾಟ್ ಮಾಡಿ ಕುಂದಗೋಳಕ್ಕೆ ಒಯ್ದಿದ್ದೆ.

ಕುಂದಗೋಳ ಅಂದರೆ ಸಂಗೀತ ಪ್ರೀತಿಸುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡದ್ದು ಅಲ್ಲೇ, ಭೀಮಸೇನ ಜೋಶಿಯವರು ಗುರುಸೇವೆ ಮಾಡಿದ್ದೂ ಅಲ್ಲೇ. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ ಅವರ ಪುಣ್ಯತಿಥಿಯ ಸಂಗೀತೋತ್ಸವ ನಾಡಗೀರರ ವಾಡೆಯಲ್ಲಿ ನಡೆಯುತ್ತಾ ಬಂದಿದೆ. ಅಲ್ಲಿ ಕಲಾವಿದರ ಮುಖಗಳನ್ನು ತೆಗೆಯಬೇಕು ಅಂತ ನನಗೆ ಬಹಳ ದಿನದ ಆಸೆ. ಐದಾರು ನೂರು ಫೋಟೊ ಹೊಡೆಯುವ ಹುಮ್ಮಸ್ಸಿನಲ್ಲೇ ಹೋಗಿದ್ದೆ. ನನ್ನದು ಹಳೆಯ ಡಿಎಸ್‌ಎಲ್‌ಆರ್, ಪ್ರತಿ ಕ್ಲಿಕ್ಕಿಗೂ ಒಳಗಿನ ಕನ್ನಡಿ ಎದ್ದು ಬಿದ್ದು 'ಟಪ್' ಅನ್ನುತ್ತದೆ. ಮದುವೆಯ ಬ್ಯಾಂಡಿನಲ್ಲಿ ಅದು ಯಾರಿಗೂ ಕೇಳುವುದಿಲ್ಲ. ವಿಲಂಬಿತ ಖಯಾಲಿನ ನಡುವೆ ಮಾತ್ರ ಗುಂಡು ಹೊಡೆದಂತೆ ಕೇಳುತ್ತದೆ. ಸ್ವಲ್ಪ ಹೊತ್ತು ಸಹಿಸಿದ ಪಕ್ಕದ ಹಿರಿಯರೊಬ್ಬರು ಮೆಲ್ಲಗೆ ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟರು. "ತಮ್ಮಾ, ಸಾಕಿನ್ನ. ಕೇಳು" ಅಂದರು, ಅಷ್ಟೇ. ಅವಮಾನವಾಯಿತು. ಆದರೂ ಕ್ಯಾಮೆರಾ ಚೀಲಕ್ಕೆ ಹಾಕಿ ಬೆಳಗಿನ ತನಕ ಕೇಳಿದೆ. ಅಂದು ತೆಗೆದದ್ದು 112 ಫೋಟೊ. ಆಮೇಲೆ ಆ ಕಾರ್ಡು ಡ್ರಾವರ್ ಸೇರಿದ್ದು, ಮತ್ತೆ ಹೊರಗೆ ಬಂದಿರಲಿಲ್ಲ.

ಈಗ ಲೆಕ್ಕ ನೋಡಿ. ಕ್ಯಾಮೆರಾದಲ್ಲಿ ಸಾಮಾನ್ಯ ಫಾರ್ಮ್ಯಾಟ್ ಮಾಡಿದಾಗ ಫೋಟೊಗಳು ಅಳಿಯುವುದಿಲ್ಲ, ಯಾವ ಫೋಟೊ ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಅಳಿಯುತ್ತದೆ. ಪುಸ್ತಕದ ಪರಿವಿಡಿ ಹರಿದುಹಾಕಿದಂತೆ, ಪುಟಗಳು ಹಾಗೇ ಇರುತ್ತವೆ. ಹೊಸ ಫೋಟೊ ಬಂದು ಅದೇ ಜಾಗದಲ್ಲಿ ಕುಂತಾಗ ಮಾತ್ರ ಹಳೆಯದು ಖರೇನ ಹೋಗುತ್ತದೆ. 112 ಫೋಟೊ ಕಾರ್ಡಿನ ಮೊದಲ ಭಾಗವನ್ನು ತಿಂದಿದ್ದವು. ಕಾಕಾನ ಫೋಟೊ ಕೊನೆಯ ಭಾಗದಲ್ಲಿತ್ತು. ಆ ಹಿರಿಯರು ಕೈ ಹಿಡಿಯದೆ ನಾನು ಬೆಳಗಿನ ತನಕ ಹೊಡೆದಿದ್ದರೆ...

ಫೋಟೊರೆಕ್ ಅಂತ ಒಂದು ಪುಕ್ಕಟೆ ತಂತ್ರಾಂಶವಿದೆ. ಅದು ಪರಿವಿಡಿಯನ್ನು ನಂಬುವುದಿಲ್ಲ, ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಫೈಲು ಶುರುವಾಗುವ ಗುರುತುಗಳನ್ನು ಹುಡುಕುತ್ತದೆ. ಜೆಪೆಗ್ ಆದರೆ ಎಫ್‌ಎಫ್ ಡಿ8 ಅನ್ನುವ ಎರಡು ಬೈಟು, ಕ್ಯಾಮೆರಾದ ರಾ ಫೈಲುಗಳಿಗೆ ಬೇರೆ ಗುರುತು. ಒಂದೇ ಎಚ್ಚರಿಕೆ: ಕಳೆದದ್ದು ಬೇಕಿದ್ದರೆ ಆ ಕಾರ್ಡಿಗೆ ಹೊಸದೇನೂ ಬರೆಯಬಾರದು, ಸಿಕ್ಕದ್ದನ್ನು ಬೇರೆ ಡಿಸ್ಕಿನಲ್ಲೇ ಉಳಿಸಬೇಕು. ರಾತ್ರಿ ಹನ್ನೊಂದಕ್ಕೆ ಶುರು ಮಾಡಿ ಪರದೆಯ ಮುಂದೆ ಕುಂತೆ. ಹೆಸರಿಲ್ಲದ ಫೈಲುಗಳು ಒಂದೊಂದಾಗಿ ಬಂದವು. ಕುಂದಗೋಳದ ತಂಬೂರಿಗಳು, ಆಮೇಲೆ ಬೀಗರು, ಲಕೋಟೆಗಳು, ಅಳುತ್ತಿರುವ ಗೆಳತಿಯರು. ಕೊನೆಯಿಂದ ಮೂರನೆಯದು ಕಾಕಾ.

ಮೆಟ್ಟಿಲ ಮೇಲೆ ಕುಂತಿದ್ದಾರೆ. ಪಟಗ ಬಿಚ್ಚಿ ಮೊಣಕಾಲಿಗೆ ಹಾಕಿದ್ದಾರೆ. ತೊಡೆಯ ಮೇಲೆ ತಾಟು, ತಾಟಿನಲ್ಲಿ ಹುಗ್ಗಿ. ಅಡಿಗೆಯವ ಏನೋ ಅಂದಿರಬೇಕು, ಬಾಯ್ತುಂಬ ತುತ್ತಿಟ್ಟುಕೊಂಡೇ ನಗುತ್ತಾ ಅತ್ತ ತಿರುಗುತ್ತಿದ್ದಾರೆ. ತಿರುಗುತ್ತಿರುವುದರಿಂದ ಮುಖ ಮಸುಕು, ಕಣ್ಣು ಎರಡು ಗೀರು. ತಾಟು ಹಿಡಿದ ಎಡಗೈ ಮಾತ್ರ ಸ್ಪಷ್ಟ. ಫೋಟೊಗ್ರಫಿಯ ಯಾವ ಪರೀಕ್ಷೆಯಲ್ಲೂ ಪಾಸಾಗದ ಫೋಟೊ. ನನಗೆ ಅಳು ಬಂತು.

ಕಳಿಸಿದೆ. ಬೆಳಿಗ್ಗೆ ಅವಳ ಮೆಸೇಜು: "ಅಣ್ಣಾ, ಇದ ನೋಡು ನಮ್ಮಪ್ಪ. ಅವ್ವ ಬಿಟ್ಟೂಬಿಡದ ನೋಡಾಕ ಹತ್ಯಾಳ." ಅದರ ಕೆಳಗೇ ಇನ್ನೊಂದು: "ಇದನ್ನ ಮೊದ್ಲ ಯಾಕ ಕೊಟ್ಟಿದ್ದಿಲ್ಲ?"

'ಏನೋ ಟೆಕ್ನಿಕಲ್ ಪ್ರಾಬ್ಲಮ್ ಆಗಿತ್ತು' ಅಂತ ಬೆರಳು ಬರೆದಿತ್ತು. ಅಳಿಸಿ, ಫೋನು ಮಾಡಿದೆ.

"ನಾನ ಅಳಿಸಿ ಹಾಕಿದ್ದೆ ತಂಗಿ. ಮಸುಕಾಗೈತಿ ಅಂತ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಮಗೊಂದ ಮಾತ ಕೇಳಬೇಕಿತ್ತಲಾ ಅಣ್ಣಾ" ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಅವಳು ಹೇಳಿದ್ದು ಬರೀ ಭಾವನೆಯ ಮಾತೂ ಅಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ತೆಗೆದವನಲ್ಲ. ಅದನ್ನು ನಾನು ಓದಿದ್ದೆ ಕೂಡ. ಮೈಸೂರಿನ ಟಿ. ಎಸ್. ಸತ್ಯನ್ನರ (1923-2009) ಚಿತ್ರಗಳನ್ನೂ ಕಾಲೇಜಿನಲ್ಲಿ ಗಂಟೆಗಟ್ಟಲೆ ನೋಡಿದ್ದೆ. ಹೆಸರಿಲ್ಲದ ಮಕ್ಕಳು, ದುಡಿಯುವ ಜನ, ದಿನನಿತ್ಯದ ಬದುಕು. ಅಂಥವರನ್ನು ನೋಡಲು ಕಲಿಯಬೇಕು ಅಂತ ಗೆಳೆಯರಿಗೆ ಭಾಷಣ ಬಿಗಿದದ್ದೂ ಉಂಟು. ಗೊತ್ತಿಲ್ಲದೆ ಮಾಡಿದ ತಪ್ಪು ಅಂತ ಹೇಗೆ ಹೇಳಲಿ?

ಗಣಾರಾಧನೆಗೆ ಹೋದೆ. ಆಧಾರ್ ಕಾರ್ಡಿನ ಕಾಕಾನಿಗೆ ದೊಡ್ಡ ಮಾಲೆ ಹಾಕಿದ್ದರು, ಬಂದವರೆಲ್ಲ ಅದಕ್ಕೆ ಕೈ ಮುಗಿಯುತ್ತಿದ್ದರು. ನನ್ನ ಫೋಟೊ ಕಾಣಲಿಲ್ಲ. ಊಟವಾದ ಮೇಲೆ ನೀರಿಗೆಂದು ಅಡಿಗೆಮನೆಗೆ ಹೋದರೆ, ಅಲ್ಲಿ, ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿ, ಚೌಕಟ್ಟೂ ಇಲ್ಲದೆ ಆನಿಸಿ ಇಟ್ಟಿದ್ದರು. ಮಾಲೆ ಇರಲಿಲ್ಲ. ಕಾಕು ಅದರ ಕಡೆ ನೋಡಿ, "ಅಲ್ಲೆ ಬ್ಯಾಡ ಅಂದೆ, ಇಲ್ಲೇ ಇರ‍್ಲಿ. ಉಣ್ಣಾಕ ಹತ್ಯಾರ" ಅಂದಳು.

ಈಗ ಸ್ಕ್ರಿಪ್ಟಿನಲ್ಲಿ ಅಳಿಸುವ ಸಾಲು ತೆಗೆದುಹಾಕಿದ್ದೇನೆ. ಮಸುಕಾದವು ಬೇರೆ ಫೋಲ್ಡರಿಗೆ ಹೋಗುತ್ತವೆ. ಅದನ್ನೂ ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತೇನೆ, ಬೇಕಾದದ್ದನ್ನು ಮನೆಯವರೇ ಆರಿಸಲಿ. ಮುಂಗಡ ತೆಗೆದುಕೊಳ್ಳುವಾಗ ಒಂದು ಪ್ರಶ್ನೆ ಕೇಳುತ್ತೇನೆ: "ಮದುವಿ ದಿನ ಕುಂಡ್ರಾಕ ಟೈಮ್ ಸಿಗದ ಇರೋರು ಯಾರ‍್ಯಾರ‍್ರಿ?" ಎಲ್ಲರೂ ನಗುತ್ತಾರೆ, ಆಮೇಲೆ ಎರಡು ಮೂರು ಹೆಸರು ಹೇಳುತ್ತಾರೆ.

ಮೊನ್ನೆ ಕಲಘಟಗಿಯಲ್ಲಿ ಒಂದು ಮದುವೆ. ಪಟ್ಟಿಯಲ್ಲಿ ಹುಡುಗನ ಅಪ್ಪನ ಹೆಸರಿತ್ತು. ಸಾರಿನ ಬಕೆಟ್ ಹಿಡಿದು ಹೊರಟಿದ್ದವರನ್ನು ತಡೆದೆ. "ನಂದ್ಯಾಕ ತಮ್ಮಾ, ಹುಡುಗಂದ ತಗಿ ಹೋಗು" ಅಂದರು. ಬಿಡಲಿಲ್ಲ. ಬಕೆಟ್ ಕೆಳಗಿಡದೆ ನಿಂತರು, ಸರಿಯಾಗಿ ಕ್ಲಿಕ್ಕಿನ ಹೊತ್ತಿಗೆ ಕಣ್ಣು ಮುಚ್ಚಿಬಿಟ್ಟರು. ಇನ್ನೊಂದು ತೆಗೆದೆ.

ಎರಡನ್ನೂ ಇಟ್ಟುಕೊಂಡಿದ್ದೇನೆ.