ಕವಿತೆಯೊಳಗೊಂದು ಜೀಗುಜ್ಜೆ ಮರ

ಕವಿತೆ ಓದುವಾಗ ಅದರಲ್ಲಿ ಬರುವ ಗಿಡಮರಗಳ ಹೆಸರನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವುದು ನನ್ನ ಹಳೆಯ ಚಾಳಿ. ಸಾಹಿತ್ಯದ ಮೇಷ್ಟ್ರುಗಳು ಇದನ್ನು ಓದು ಎಂದು ಒಪ್ಪಲಿಕ್ಕಿಲ್ಲ. ಧ್ವನಿ, ಲಯ ಎಲ್ಲ ಬಿಟ್ಟು ತೋಟಗಾರಿಕೆ ಇಲಾಖೆಯ ಗುಮಾಸ್ತನ ಹಾಗೆ ಮರ ಎಣಿಸುತ್ತಾನಲ್ಲ ಎಂದಾರು. ಎನ್ನಲಿ. ದ್ವೀಪದ ಕವಿತೆಗಳ ಮಟ್ಟಿಗೆ ಈ ಚಾಳಿ ಕೊಟ್ಟಷ್ಟು ಸುಖವನ್ನು ನನಗೆ ಯಾವ ವಿಮರ್ಶೆಯೂ ಕೊಟ್ಟಿಲ್ಲ.

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದ ಕವಿ ಡೆರೆಕ್ ವಾಲ್ಕಾಟರನ್ನು ಓದುತ್ತ ಅಂಚಿನಲ್ಲಿ ಗೀಚಿಕೊಂಡ ಹೆಸರುಗಳನ್ನು ಒಮ್ಮೆ ಒಟ್ಟಿಗೆ ನೋಡಿದೆ. ತೆಂಗು, ಕಬ್ಬು, ಮಾವು, ಕಡಲ ದಂಡೆಯ ಕಾಡುಬಾದಾಮಿ, ಜೀಗುಜ್ಜೆ. ಅರೆ, ಇದು ನಮ್ಮ ಕರಾವಳಿಯ ಹಿತ್ತಲಲ್ಲವೇ! ಅಲ್ಲಿನ ಮೂಲದ ಗಿಡ ಇವುಗಳಲ್ಲಿ ಒಂದೂ ಇಲ್ಲ. ಎಲ್ಲ ಬೇರೆ ಕಡಲುಗಳಾಚೆಯಿಂದ ಬಂದವು. ಒಂದೊಂದರ ಹಿಂದೆಯೂ ಯಾರದೋ ಲಾಭದ ಲೆಕ್ಕ.

ಜೀಗುಜ್ಜೆಯದಂತೂ ದೊಡ್ಡ ಕಥೆ. ಕಬ್ಬಿನ ತೋಟದ ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಬೇಕಿತ್ತು. ಅದಕ್ಕಾಗಿ ಕ್ಯಾಪ್ಟನ್ ಬ್ಲೈ ತಹೀತಿಯಿಂದ ಸಸಿಗಳನ್ನು ಹೇರಿಕೊಂಡು ಹೊರಟ. 1789ರಲ್ಲಿ ಬೌಂಟಿ ಹಡಗಿನ ನಾವಿಕರು ದಂಗೆಯೆದ್ದು ಅವನನ್ನು ಸಣ್ಣ ದೋಣಿಯೊಂದಕ್ಕೆ ಇಳಿಸಿ, ಸಸಿಗಳನ್ನು ಸಮುದ್ರಕ್ಕೆಸೆದರು. ಆಸಾಮಿ ಬಿಡಲಿಲ್ಲ. ಮತ್ತೆ ಹೋಗಿ 1793ರಲ್ಲಿ ಸೇಂಟ್ ವಿನ್ಸೆಂಟಿಗೂ ಜಮೈಕಾಕ್ಕೂ ಮುಟ್ಟಿಸಿದ. ಅಷ್ಟೆಲ್ಲ ಪಾಡುಪಟ್ಟು ತಂದದ್ದನ್ನು ಗುಲಾಮರು ಮೊದಮೊದಲು ಮೂಸಿಯೂ ನೋಡಲಿಲ್ಲವಂತೆ. ಜೀಗುಜ್ಜೆ ಪೋಡಿಗಾಗಿ ಮಳೆಗಾಲ ಕಾಯುವ ನನಗೆ ಇದನ್ನು ನಂಬುವುದು ಕಷ್ಟ. ಆದರೆ ಯಜಮಾನ ಲೆಕ್ಕ ಹಾಕಿ ಹಾಕುವ ಊಟ ಯಾರಿಗೆ ತಾನೇ ರುಚಿಸೀತು?

ವಾಲ್ಕಾಟ್ ಹುಟ್ಟಿದ್ದು 1930ರಲ್ಲಿ, ಕ್ಯಾಸ್ಟ್ರೀಸ್ ಪಟ್ಟಣದಲ್ಲಿ. ಜಲವರ್ಣದ ಚಿತ್ರ ಬರೆಯುತ್ತಿದ್ದ ತಂದೆ ಬೇಗ ತೀರಿಕೊಂಡರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ತಾಯಿ ಹೊಂದಿಸಿಕೊಟ್ಟ ಹಣದಿಂದ 1948ರಲ್ಲಿ ಇಪ್ಪತ್ತೈದು ಕವಿತೆಗಳ ಪುಸ್ತಕ ಅಚ್ಚು ಹಾಕಿಸಿ, ಹುಡುಗ ತಾನೇ ಮಾರಿದ. ಮುಂದೆ ತಾವೂ ಜಲವರ್ಣದ ಬ್ರಶ್ಶು ಹಿಡಿದರು. ಕವಿತೆಗಳಲ್ಲಿ ಬೆಳಕಿನ ಬಣ್ಣ ಅಷ್ಟು ಕರಾರುವಾಕ್ಕಾಗಿರುವುದು ಅದಕ್ಕೇ ಎಂದು ನನ್ನ ಗುಮಾನಿ.

1990ರ ‘ಓಮೆರೋಸ್’ ಅವರ ದೊಡ್ಡ ಕಾವ್ಯ. ಹೋಮರನ ವೀರರಿಲ್ಲಿ ಬೆಸ್ತರು. ಅಶೀಲ್ ಮತ್ತು ಹೆಕ್ಟರ್ ಕತ್ತಿ ಹಿರಿಯುವುದು ದೋಣಿಯ ನೀರು ಮೊಗೆಯುವ ತುಕ್ಕು ಡಬ್ಬಿಯೊಂದಕ್ಕಾಗಿ. ಒಳಗಿನ ಕಾರಣ ಮಾತ್ರ ಹೆಲೆನ್ ಎಂಬ ಹೆಣ್ಣು. ಹೆಕ್ಟರ್ ಆಮೇಲೆ ಕಡಲು ಬಿಟ್ಟು ಪ್ಯಾಸೆಂಜರ್ ವ್ಯಾನು ಓಡಿಸುತ್ತಾನೆ, ಅದರಲ್ಲೇ ಸಾಯುತ್ತಾನೆ. ಕನ್ನಡದವನಿಗೆ ಇಲ್ಲಿ ಪಂಪ ನೆನಪಾಗದೆ ಇರುವುದಿಲ್ಲ. ಪಂಪ ತನ್ನ ಅರ್ಜುನನಲ್ಲಿ ಆಶ್ರಯ ಕೊಟ್ಟ ದೊರೆ ಅರಿಕೇಸರಿಯನ್ನು ಕಂಡ, ವಾಲ್ಕಾಟ್ ತಮ್ಮ ಹೆಕ್ಟರನಲ್ಲಿ ವ್ಯಾನ್ ಡ್ರೈವರನನ್ನು ಕಂಡರು. ಒಂದು ಸಾವಿರ ವರ್ಷದಲ್ಲಿ ಕಾವ್ಯಕ್ಕೆ ಆಗಬೇಕಾದದ್ದು ಆಗಿದೆ ಅನ್ನಿ.

ನನ್ನ ಪೆನ್ಸಿಲು ಹೆಚ್ಚು ಓಡಿದ್ದು ಇದೇ ಕಾವ್ಯದ ಇನ್ನೊಬ್ಬ ಬೆಸ್ತ ಫಿಲೊಕ್ಟೀಟನ ಭಾಗದಲ್ಲಿ. ಲಂಗರು ತಗುಲಿ ಆದ ಮೊಣಕಾಲ ಕೆಳಗಿನ ಹುಣ್ಣು ಮಾಯುವುದೇ ಇಲ್ಲ. ಅದು ಸಂಕೋಲೆ ತೊಟ್ಟ ಹಿರಿಯರಿಂದ ಬಂದ ಗಾಯ ಎಂದೇ ಅವನ ನಂಬಿಕೆ. ಕೊನೆಗೆ ರಮ್ಮಿನಂಗಡಿಯ ಮಾ ಕಿಲ್ಮನ್ ಕಾಡಿಗೆ ಹೋಗಿ ಗಬ್ಬು ನಾರುವ ಗಿಡವೊಂದನ್ನು ಹುಡುಕಿ ತಂದು ವಾಸಿ ಮಾಡುತ್ತಾಳೆ. ಆ ಗಿಡದ ಬೀಜ ಆಫ್ರಿಕಾದಿಂದ ಬಂದದ್ದು ಹಕ್ಕಿಯ ಹೊಟ್ಟೆಯಲ್ಲಿ. ನನ್ನ ಪಟ್ಟಿಯಲ್ಲಿ ಯಜಮಾನನ ಹಡಗು ಹತ್ತದೆ ಬಂದದ್ದು ಇದೊಂದೇ. ಮದ್ದಾದದ್ದೂ ಇದೇ.

ಮರಗಳ ಹಾಗೆ ದೇವರುಗಳೂ ಹಡಗೇರಿ ಬಂದಿವೆ. 1845ರಿಂದ ಟ್ರಿನಿಡಾಡಿನ ಕಬ್ಬಿನ ಗದ್ದೆಗಳಿಗೆ ಕರಾರಿನ ಮೇಲೆ ಹೋದ ನಮ್ಮ ದೇಶದ ಕೂಲಿಗಳು ರಾಮಾಯಣವನ್ನೂ ಒಯ್ದರು. 1992ರ ನೊಬೆಲ್ ಭಾಷಣವನ್ನು ವಾಲ್ಕಾಟ್ ಶುರು ಮಾಡುವುದೇ ಅಲ್ಲಿನ ಫೆಲಿಸಿಟಿ ಹಳ್ಳಿಯ ರಾಮಲೀಲೆಯಿಂದ. ತಾನು ಅದನ್ನು ನಾಟಕವೆಂದುಕೊಂಡೆ, ಆಡುವವರಿಗದು ನಂಬಿಕೆ ಎಂದು ಆಮೇಲೆ ಹೊಳೆಯಿತು ಎನ್ನುತ್ತಾರೆ. ಹರಕೆಯಾಟ ನೋಡಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಓಮೆರೋಸಿನ ಎಲ್ಲವೂ ನನಗೆ ಹಿಡಿಸುತ್ತದೆಂದಲ್ಲ. ಹಂದಿ ಸಾಕುವ ನಿವೃತ್ತ ಮೇಜರ್ ಪ್ಲಂಕೆಟ್ 1782ರ ನೌಕಾಯುದ್ಧದ ಕಡತ ಬಿಚ್ಚಿದನೆಂದರೆ ನಾನು ಪುಟ ಹಾರಿಸುತ್ತೇನೆ. ಫ್ರೆಂಚರೂ ಇಂಗ್ಲಿಷರೂ ಕಿತ್ತಾಡಿ ಹದಿನಾಲ್ಕು ಸಲ ಕೈ ಬದಲಾಯಿಸಿದ ದ್ವೀಪ ಅದು; ಹಾಗಾಗಿ ಸೇಂಟ್ ಲೂಸಿಯಾವೇ ಹೆಲೆನ್ ಎಂಬ ಹೋಲಿಕೆಯನ್ನು ಆತ ಹಿಗ್ಗಿಸಿ ಹಿಗ್ಗಿಸಿ ಎಳೆಯುತ್ತಾನೆ. ಮನೆಗೆಲಸ ಬಿಟ್ಟು ಹಳದಿ ಫ್ರಾಕಿನಲ್ಲಿ ದಂಡೆಯ ಮೇಲೆ ನಡೆದುಹೋಗುವ ಆ ಹೆಣ್ಣಿಗೆ ಈ ಭಾರವೆಲ್ಲ ಯಾಕೆ ಎಂದು ನಾನು ಗೊಣಗಿಕೊಳ್ಳುವ ಹೊತ್ತಿಗೆ, ಕವಿಯೇ ಕಾವ್ಯದೊಳಗೆ ಬಂದು ಅದೇ ಪ್ರಶ್ನೆ ಕೇಳಿಕೊಳ್ಳುತ್ತಾರೆ. ಹೋಮರನ ನೆರಳಿಲ್ಲದೆ, ಬಿಸಿಲು ಅವಳನ್ನು ನೋಡುವ ಹಾಗೆ ನೋಡಲು ತನಗೇಕಾಗಲಿಲ್ಲ ಎಂದು. ಅರಿಕೇಸರಿಯನ್ನು ಅರ್ಜುನನೊಡನೆ ಅಷ್ಟು ಜತನದಿಂದ ಹೊಸೆದ ಪಂಪನೂ ಕರ್ಣನ ಬಳಿ ಬಂದಾಗ ಹೊಸೆದದ್ದನ್ನು ಮರೆತೇಬಿಡುತ್ತಾನಲ್ಲ. ಇಬ್ಬರಲ್ಲೂ ನಾನು ಮತ್ತೆ ಮತ್ತೆ ತೆರೆಯುವುದು ಆ ಪುಟಗಳನ್ನೇ.