ಬೇಲಿಯ ನಾಡಿನಲ್ಲಿ ಹಲ್ಲು ಮೂಡಿದ ಟ್ಯಾಂಕು

ಪ್ಯಾರಿಸ್ಸಿನಿಂದ ವಾಯವ್ಯಕ್ಕೆ ಹೊರಡುವ ರೈಲು ಎರಡು ಗಂಟೆಗೂ ತುಸು ಹೆಚ್ಚು ಹೊತ್ತಿನಲ್ಲಿ ಬಾಯೂ ಎಂಬ ಪುಟ್ಟ ಊರನ್ನು ಮುಟ್ಟುತ್ತದೆ. ಇದು ನಾರ್ಮಂಡಿ ಪ್ರಾಂತ್ಯ. ಸೇಬಿನ ತೋಟ, ಕೊಬ್ಬಿದ ಹಸುಗಳು, ಗಿಣ್ಣದಂತಹ ಚೀಸು ಇಲ್ಲಿಯ ಹೆಸರಾಂತ ವಸ್ತುಗಳು. ಎರಡನೆಯ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಮಿತ್ರರಾಷ್ಟ್ರಗಳ ಸೈನ್ಯ ಬಂದಿಳಿದದ್ದೂ ಇದೇ ಪ್ರಾಂತ್ಯದ ಕಡಲತೀರದಲ್ಲಿ. ಮರುದಿನವೇ ಬಿಡುಗಡೆಯಾದ ಬಾಯೂ ಹೆಚ್ಚಿನ ಹಾನಿಯಿಲ್ಲದೆ ಉಳಿಯಿತು. ಆ ಯುದ್ಧದ ವಸ್ತುಸಂಗ್ರಹಾಲಯ ಈಗ ಇಲ್ಲಿದೆ. ಅದರ ಹೊರಗೆ ಹುಲ್ಲಿನ ಮೇಲೆ ನಿಜವಾದ ಟ್ಯಾಂಕುಗಳು ನಿಂತಿವೆ.

ಇಂಥ ಕಡೆ ಬರುವವರಲ್ಲಿ ಒಂದು ವಿಶೇಷ ಬಳಗವಿದೆ. ಉಳಿದವರು ಟ್ಯಾಂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ, ಇವರು ಬಗ್ಗಿ ಅದರ ಬೆಸುಗೆಯ ಗೆರೆ ನೋಡುತ್ತಾರೆ, ಬೋಲ್ಟುಗಳನ್ನು ಎಣಿಸುತ್ತಾರೆ. ಇವರೇ ಮಾದರಿ ತಯಾರಕರು. ನಿಜವಾದ ವಾಹನವನ್ನು ಪ್ಲಾಸ್ಟಿಕ್ಕಿನಲ್ಲಿ, ಅಳತೆ ತಪ್ಪದಂತೆ, ಅಂಗೈ ಮೇಲಿಡುವಷ್ಟು ಕಿರಿದಾಗಿ ಕಟ್ಟುವುದು ಇವರ ಹವ್ಯಾಸ.

ಸೈನಿಕ ವಾಹನಗಳ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:35ರ ಅಳತೆ. ಜಪಾನಿನ ಟಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ತನ್ನ ಟ್ಯಾಂಕಿನ ಮಾದರಿಯೊಳಗೆ ಮೋಟಾರು, ಬ್ಯಾಟರಿ ಹಿಡಿಸುವಂತೆ ಆರಿಸಿಕೊಂಡ ಅಳತೆ ಇದು. ಅಮೆರಿಕದ ಶರ್ಮನ್ ಟ್ಯಾಂಕಿನ ಉದ್ದ 5.84 ಮೀಟರ್. ಮಾದರಿಯಲ್ಲಿ ಅದು ಸುಮಾರು 16.7 ಸೆಂಟಿಮೀಟರ್. 2.74 ಮೀಟರ್ ಎತ್ತರ 7.8 ಸೆಂಟಿಮೀಟರಿಗೆ ಇಳಿಯುತ್ತದೆ. ತೂಕದ ಲೆಕ್ಕ ಮಾತ್ರ ಬೇರೆ. ಉದ್ದ, ಅಗಲ, ಎತ್ತರ ಮೂರೂ 35 ಪಟ್ಟು ಕುಗ್ಗುವುದರಿಂದ ಗಾತ್ರ 42,875 ಪಟ್ಟು ಕುಗ್ಗುತ್ತದೆ. ಉಕ್ಕಿನಲ್ಲೇ ಮಾದರಿ ಮಾಡಿದರೂ 30 ಟನ್ನಿನ ಟ್ಯಾಂಕು ಬರಿಯ 700 ಗ್ರಾಂ ತೂಗುತ್ತದೆ!

ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳನ್ನು ಅಂಟಿಸಿದರೆ ಸಿಗುವುದು ಕಾರ್ಖಾನೆಯ ಬಾಗಿಲು ದಾಟಿದ ದಿನದ ಟ್ಯಾಂಕು. ರಣರಂಗದ ಟ್ಯಾಂಕು ಹಾಗಿರಲಿಲ್ಲ. ಸೈನಿಕರು ಅದಕ್ಕೆ ಏನೇನನ್ನೋ ಬೆಸೆದರು, ಕಟ್ಟಿದರು, ಹೇರಿದರು. ಈ ಮಾರ್ಪಾಡುಗಳನ್ನು ಮಾದರಿಗೆ ಸೇರಿಸುವುದು ಹವ್ಯಾಸದ ಮುಂದಿನ ಮೆಟ್ಟಿಲು. ಆದರೆ ಅವನ್ನು ಏಕೆ ಮಾಡಿದರೆಂದು ತಿಳಿಯಬೇಕಾದರೆ ಟ್ಯಾಂಕನ್ನು ಬಿಟ್ಟು ನೆಲವನ್ನು ನೋಡಬೇಕು.

ಆಳೆತ್ತರದ ಬದುಗಳು

ಬಾಯೂನಿಂದ ನೈಋತ್ಯಕ್ಕೆ, ಸೆರಿಸಿ ಕಾಡನ್ನು ಹಾದು ಸೇಂಟ್ ಲೋ ಪಟ್ಟಣಕ್ಕೆ ರಸ್ತೆಯಿದೆ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಬೇರೆಯೇ ಲೋಕ. ಚಿಕ್ಕ ಚಿಕ್ಕ ಹುಲ್ಲುಗಾವಲುಗಳು. ಒಂದೊಂದರ ಸುತ್ತಲೂ ಮಣ್ಣಿನ ಬದು. ನಮ್ಮ ಹೊಲಗಳ ಬದುವಿನಂತೆ ಮೊಣಕಾಲೆತ್ತರದ್ದಲ್ಲ, ಕೆಲವೆಡೆ ಎದೆಯುದ್ದ, ಕೆಲವೆಡೆ ಆಳೆತ್ತರ. ಅದರ ಮೇಲೆ ಮುಳ್ಳುಗಿಡ, ಪೊದೆ, ಮರಗಳ ದಟ್ಟ ಬೇಲಿ. ಎರಡು ಬದುಗಳ ನಡುವೆ ಗಾಡಿ ಓಡಾಡಿ ತಗ್ಗಾದ ಓಣಿ. ಮೇಲೆ ಕೊಂಬೆಗಳು ಕೂಡಿಕೊಂಡು ಹಗಲಲ್ಲೂ ಮಬ್ಬುಗತ್ತಲೆ. ಗಾಳಿ ತಡೆಯಲು, ದನ ಕಾಯಲು, ಗಡಿ ಗುರುತಿಸಲು ರೈತರು ಶತಮಾನಗಳಿಂದ ಬೆಳೆಸಿದ ಬೇಲಿಗಳಿವು. ಈ ಬಗೆಯ ನೆಲಕ್ಕೆ ಫ್ರೆಂಚರು ‘ಬೊಕಾಜ್’ ಎನ್ನುತ್ತಾರೆ.

ಬದುಗಳ ಹಿಂದೆ ಅಡಗಿದ ಜರ್ಮನ್ ಸೈನಿಕರಿಗೆ ಇದು ತಾನೇ ತಾನಾಗಿ ಒದಗಿದ ಕೋಟೆಯಾಯಿತು. ಟ್ಯಾಂಕು ಬದು ಹತ್ತಲು ಹೋದರೆ ಮೂತಿ ಮೇಲೇಳುತ್ತಿತ್ತು. ಫಿರಂಗಿ ಆಕಾಶ ನೋಡುತ್ತಿತ್ತು. ಎಲ್ಲಕ್ಕಿಂತ ತೆಳುವಾದ ಹೊಟ್ಟೆಯ ಭಾಗ ಶತ್ರುವಿನ ಎದುರು ಬಯಲಾಗುತ್ತಿತ್ತು. ಶರ್ಮನ್‌ನ ಮುಂಭಾಗದ ಕವಚ ಎರಡು ಅಂಗುಲ ದಪ್ಪ. ತಳದ ಕವಚ ಹೆಚ್ಚೆಂದರೆ ಒಂದು ಅಂಗುಲ. ಸಿಡಿಮದ್ದಿಟ್ಟು ಬದು ಒಡೆಯಬಹುದಿತ್ತು, ಆದರೆ ಆ ಸದ್ದೇ ಟ್ಯಾಂಕು ಎಲ್ಲಿಂದ ಬರುತ್ತದೆಂದು ಶತ್ರುವಿಗೆ ಸಾರುತ್ತಿತ್ತು. ಒಂದೊಂದು ಗದ್ದೆ ದಾಟುವುದೂ ಒಂದೊಂದು ಯುದ್ಧವಾಯಿತು.

ಕಡಲತೀರದ ಕಬ್ಬಿಣ

ಅಮೆರಿಕದ 102ನೇ ಕ್ಯಾವಲ್ರಿ ವಿಚಕ್ಷಣ ತುಕಡಿಯಲ್ಲಿ ಕರ್ಟಿಸ್ ಕ್ಯುಲಿನ್ ಎಂಬ ಸಾರ್ಜೆಂಟ್ ಇದ್ದ. ಬೇಲಿ ದಾಟುವ ಬಗೆಯ ಚರ್ಚೆ ನಡೆದಾಗ, ಟ್ಯಾಂಕಿನ ಮುಂದೆ ಹಲ್ಲು ಜೋಡಿಸಿದರೆ ಹೇಗೆಂಬ ಮಾತು ಟೆನೆಸ್ಸಿಯ ಸೈನಿಕನೊಬ್ಬನ ಬಾಯಿಂದ ಬಂತಂತೆ. ಉಳಿದವರು ನಕ್ಕರೂ ಕ್ಯುಲಿನ್ ನಗಲಿಲ್ಲ. ಹಾಗೆ ಹಲ್ಲು ಮಾಡಿಯೇ ನೋಡಿದ. ಹೊಗಳಿಕೆ ತನ್ನ ಪಾಲಿಗೆ ಬಂದಾಗ, ಮೂಲ ಕಲ್ಪನೆ ತನ್ನದಲ್ಲವೆಂದು ಹೇಳಲೂ ಅವನು ಮರೆಯಲಿಲ್ಲ. ಬೇರೆ ತುಕಡಿಗಳವರೂ ಅದೇ ದಿನಗಳಲ್ಲಿ ಮರದ ದಿಮ್ಮಿ, ಪೈಪುಗಳನ್ನು ಜೋಡಿಸಿ ಪ್ರಯತ್ನ ನಡೆಸಿದ್ದರು.

ಹಲ್ಲುಗಳಿಗೆ ಉಕ್ಕು ಸಿಕ್ಕಿದ್ದು ಕಡಲತೀರದಲ್ಲಿ. ದೋಣಿಗಳನ್ನೂ ಟ್ಯಾಂಕುಗಳನ್ನೂ ತಡೆಯಲೆಂದು ಜರ್ಮನರು ಅಲ್ಲಿ ಕಬ್ಬಿಣದ ತೊಲೆಗಳನ್ನು ಅಡ್ಡಡ್ಡ ಬೆಸೆದು ಮುಳ್ಳಿನಂತೆ ನೆಟ್ಟಿದ್ದರು. ತಡೆಯಲು ತಂದ ಉಕ್ಕೇ ದಾರಿ ಬಿಡಿಸುವ ಉಕ್ಕಾಯಿತು. 1944ರ ಜುಲೈ 14ರಂದು ಜನರಲ್ ಬ್ರಾಡ್ಲಿ ಇದರ ಪ್ರಯೋಗ ನೋಡಿದ. ಹಲ್ಲುಗಳು ಬದುವಿನ ಬುಡಕ್ಕೆ ನಾಟಿಕೊಂಡು ಮೂತಿ ಮೇಲೇಳದಂತೆ ಹಿಡಿದವು. ಟ್ಯಾಂಕಿನ ಪೂರ್ತಿ ಬಲ ಮುಂದಕ್ಕೇ ಹರಿದು ಮಣ್ಣು, ಬೇರು, ಪೊದೆ ಎಲ್ಲ ಸಿಡಿದು ದಾರಿಯಾಯಿತು. ಜುಲೈ 25ರಂದು ಸೇಂಟ್ ಲೋ ಬಳಿ ಆರಂಭವಾದ ‘ಕೋಬ್ರಾ’ ದಾಳಿಯ ಹೊತ್ತಿಗೆ ಬ್ರಾಡ್ಲಿಯ ಸೈನ್ಯದ ಐದರಲ್ಲಿ ಮೂರು ಟ್ಯಾಂಕುಗಳಿಗೆ ಇಂಥ ಹಲ್ಲು ಮೂಡಿತ್ತು. ಘೇಂಡಾಮೃಗದ ಕೊಂಬನ್ನು ನೆನೆದು ಸೈನಿಕರು ಅವನ್ನು ‘ರೈನೊ’ ಎಂದು ಕರೆದರು.

ಆ ದಾಳಿಯ ಗೆಲುವನ್ನೆಲ್ಲ ಈ ಹಲ್ಲಿಗೇ ಕಟ್ಟುವುದು ಸರಿಯಲ್ಲ. ಭಾರೀ ಬಾಂಬುದಾಳಿಯ ನಂತರ ಟ್ಯಾಂಕುಗಳು ಬಹುಪಾಲು ರಸ್ತೆಯ ಮೇಲೇ ಓಡಿದವು. ಆದರೆ ಬೇಲಿ ತಮ್ಮನ್ನು ತಡೆಯಲಾರದೆಂಬ ಧೈರ್ಯ ಟ್ಯಾಂಕಿನವರಿಗೆ ಬಂದಿತ್ತು.

ಮಾದರಿಗೆ ಹಲ್ಲು

ಈಗ ಮಾದರಿಗೆ ಬರೋಣ. ಅರ್ಧ ಅಂಗುಲ ದಪ್ಪದ ಉಕ್ಕು 1:35ರಲ್ಲಿ ಮಿಲಿಮೀಟರಿನ ಮೂರರಲ್ಲೊಂದು ಭಾಗವಷ್ಟೆ. ದಪ್ಪ ಪ್ಲಾಸ್ಟಿಕ್ ಬಳಸಿದರೆ ಹಲ್ಲು ಆಟಿಕೆಯಂತೆ ಕಾಣುತ್ತದೆ. ತೆಳು ಹಾಳೆಯನ್ನು ಕತ್ತರಿಸಿದರೆ ಸರಿ. ಇದು ಬಯಲಿನಲ್ಲಿ, ಅವಸರದಲ್ಲಿ ಆದ ಕೆಲಸ. ಆದ್ದರಿಂದ ಅಂಚುಗಳು ತುಸು ಒರಟಾಗಿರಬೇಕು. ಬೆಸುಗೆ ದಪ್ಪನಾಗಿ, ಅಂಕುಡೊಂಕಾಗಿ ಕಾಣಬೇಕು. ತೆಳುವಾದ ಪ್ಲಾಸ್ಟಿಕ್ ಎಳೆಯನ್ನು ಅಂಟಿನಿಂದ ಮೆದುಗೊಳಿಸಿ, ಚಾಕುವಿನ ಮೊನೆಯಿಂದ ಸಾಲಾಗಿ ಒತ್ತಿದರೆ ಬೆಸುಗೆಯ ಗೆರೆ ಮೂಡುತ್ತದೆ.

ಬಣ್ಣದಲ್ಲೂ ವಿಜ್ಞಾನವಿದೆ. ಕಡಲ ಉಪ್ಪುನೀರಿನಲ್ಲಿ ನಿಂತಿದ್ದ ಉಕ್ಕಿಗೆ ತುಕ್ಕು ಸಹಜ. ಆದರೆ ಮಣ್ಣು ಸೀಳುವ ತುದಿಯಲ್ಲಿ ತುಕ್ಕು ನಿಲ್ಲದು; ಉಳುವ ನೇಗಿಲ ಗುಳದಂತೆ ಅದು ಹೊಳೆಯುತ್ತದೆ. ತುದಿಗೆ ಹೊಳಪು, ಬುಡಕ್ಕೆ ತುಕ್ಕು, ಸಂದಿಗಳಲ್ಲಿ ಮಣ್ಣು, ಬೇರಿನ ಚೂರು. ಇಷ್ಟಿದ್ದರೆ ಮಾದರಿ ತಾನು ಮಾಡಿದ ಕೆಲಸವನ್ನು ತಾನೇ ಹೇಳುತ್ತದೆ.

ಹಲವರು ಎಡವುವುದು ತಾರೀಖಿನಲ್ಲಿ. ಹಲ್ಲಿರುವ ಟ್ಯಾಂಕನ್ನು ಜೂನ್ 6ರ ಕಡಲತೀರದಲ್ಲಿ ನಿಲ್ಲಿಸುತ್ತಾರೆ. ಅಂದು ಆ ಉಕ್ಕು ಇನ್ನೂ ಜರ್ಮನರ ಅಡೆತಡೆಯಾಗಿ ನೀರಿನಲ್ಲಿತ್ತು! ದಂಡೆಗಿಳಿದ ಟ್ಯಾಂಕಿಗೆ ಬೇಕಾಗಿದ್ದುದು ಎಂಜಿನ್ನಿಗೆ ನೀರು ನುಗ್ಗದಂತೆ ತಡೆಯುವ ಎತ್ತರದ ಗಾಳಿಕೊಳವೆ.

ಮರಳು ಚೀಲದ ಲೆಕ್ಕ

ಟ್ಯಾಂಕಿನ ಮೈಮೇಲೆ ಮರಳು ಚೀಲ ಹೇರುವುದೂ ಸಾಮಾನ್ಯವಾಗಿತ್ತು. ಚೀಲಕ್ಕೆ 20 ಕಿಲೊ ಎಂದು ಹಿಡಿದರೂ ನೂರು ಚೀಲಕ್ಕೆ 2 ಟನ್. ಅಷ್ಟು ಭಾರಕ್ಕೆ ಸ್ಪ್ರಿಂಗು ಕುಗ್ಗುತ್ತದೆ, ಎಂಜಿನ್ ಏದುತ್ತದೆ. ಮಾದರಿಯ ಚೀಲಗಳು ಇಡ್ಲಿಯಂತೆ ಉಬ್ಬಿ ಕೂರಬಾರದು. ಕೆಳಗಿನ ಚೀಲ ಮೇಲಿನದರ ಭಾರಕ್ಕೆ ಚಪ್ಪಟೆಯಾಗಿರಬೇಕು, ಟ್ಯಾಂಕಿನ ಮೂತಿ ತುಸು ತಗ್ಗಿರಬೇಕು. ಶತ್ರುವಿನ ಟ್ಯಾಂಕು ನಿರೋಧಕ ಅಸ್ತ್ರಗಳ ಎದುರು ಚೀಲಗಳಿಂದಾದ ಉಪಯೋಗ ಅಷ್ಟಕ್ಕಷ್ಟೆ. ಜನರಲ್ ಪ್ಯಾಟನ್ ತನ್ನ ಸೈನ್ಯದಲ್ಲಿ ಅವನ್ನು ಒಪ್ಪಲಿಲ್ಲ; 1945ರಲ್ಲಿ, ಕೆಟ್ಟುಬಿದ್ದ ಟ್ಯಾಂಕುಗಳಿಂದ ಕತ್ತರಿಸಿದ ಉಕ್ಕನ್ನು ಬೆಸೆಯಿಸಿದ. ಆದರೂ ಒಳಗೆ ಕುಳಿತ ಐವರಿಗೆ ಆ ಚೀಲಗಳಿಂದ ಏನೋ ನೆಮ್ಮದಿ.

ಎಲ್ಲ ಮಾರ್ಪಾಡುಗಳೂ ಇಷ್ಟು ದೊಡ್ಡವಲ್ಲ. ರಸ್ತೆಗೆ ಅಡ್ಡವಾಗಿ ಕೊರಳೆತ್ತರದಲ್ಲಿ ಬಿಗಿದ ತಂತಿ ಜೀಪಿನಲ್ಲಿ ಹೋಗುವವರ ಪ್ರಾಣ ತೆಗೆಯಬಹುದಿತ್ತು. ಅದಕ್ಕೆ ಜೀಪಿನ ಮುಂದೆ ತಲೆಗಿಂತ ಎತ್ತರದ ಕಬ್ಬಿಣದ ಪಟ್ಟಿಯೊಂದನ್ನು ನಿಲ್ಲಿಸಿ, ತುದಿಯಲ್ಲಿ ತಂತಿ ಹಿಡಿಯುವ ಕೊಕ್ಕೆ ಮಾಡಿದರು. ಇನ್ನು ಟ್ಯಾಂಕಿನ ಗದ್ದಲದಲ್ಲಿ ಹೊರಗಿನ ಕಾಲಾಳಿನ ಕೂಗು ಒಳಗೆ ಕೇಳುತ್ತಿರಲಿಲ್ಲ. ಟ್ಯಾಂಕಿನ ಬೆನ್ನಿಗೆ ಪೆಟ್ಟಿಗೆಯೊಂದನ್ನು ಜೋಡಿಸಿ ಅದರೊಳಗೆ ಟೆಲಿಫೋನು ಇಟ್ಟರು. ಮಾದರಿಯಲ್ಲಿ ಇದು ಬೆರಳುಗುರಿನಷ್ಟು ಪೆಟ್ಟಿಗೆ. ಅದನ್ನು ಅಂಟಿಸುವ ಹುಡುಗ ಅಥವಾ ಹುಡುಗಿ ಏಕೆಂದು ಕೇಳಿಕೊಂಡರೆ ಒಂದು ಪಾಠವೇ ತೆರೆದುಕೊಳ್ಳುತ್ತದೆ. ದುಬಾರಿ ಕಿಟ್ ಇಲ್ಲದಿದ್ದರೂ ರಟ್ಟು, ಅಂಟು, ಅಳತೆಪಟ್ಟಿ ಕಲಿಕೆಗೆ ಸಾಕು. ಚಾಕು ಹಿಡಿಯುವಾಗ ಹಿರಿಯರು ಪಕ್ಕದಲ್ಲಿರಲಿ.

ಸಾಧ್ಯವಾದರೆ ಮಾದರಿಯ ಜೊತೆ ಒಂದು ತುಂಡು ಬದುವನ್ನೂ ಮಾಡಬೇಕು. ಒಂದೂವರೆ ಮೀಟರ್ ಮಣ್ಣು ನಾಲ್ಕು ಸೆಂಟಿಮೀಟರಿಗೆ ತುಸು ಹೆಚ್ಚು, ಅದರ ಮೇಲೆ ಎಂಟೊಂಬತ್ತು ಸೆಂಟಿಮೀಟರಿನ ಪೊದೆ. ಪಕ್ಕದಲ್ಲಿಟ್ಟಾಗ ಟ್ಯಾಂಕೇ ಕುಳ್ಳಾಗಿ ಕಾಣುತ್ತದೆ. ಹಲ್ಲು ಏಕೆ ಬೇಕಾಯಿತೆಂಬುದು ಆಗ ಯಾರೂ ಹೇಳದೆ ತಿಳಿಯುತ್ತದೆ.

ದಾರಿಯ ಕೊನೆ

ಒಳದಾರಿಗಳು ಕೊನೆಗೆ ಸೇಂಟ್ ಲೋಗೆ ತಲಪುತ್ತವೆ. ಇಂದಿನ ಪಟ್ಟಣ ಬಹುಪಾಲು ಯುದ್ಧಾನಂತರ ಕಟ್ಟಿದ್ದು, ಹಳೆಯದು 1944ರಲ್ಲಿ ನೆಲಸಮವಾಯಿತು. ಬಾಂಬಿಗೆ ನೂರಾರು ನಾಗರಿಕರು ಸತ್ತರು. ಹಳೆಯ ಸೆರೆಮನೆಯ ಬಾಗಿಲನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಕಡಲತೀರದ ಕಡೆ ಮರಳಿದರೆ, ಕೊಲವಿಲ್‌ನ ದಿಬ್ಬದ ಮೇಲೆ ಒಂಬತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಸಮಾಧಿಗಳು. ಲಾ ಕಾಂಬ್‌ನಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜರ್ಮನರು ಮಲಗಿದ್ದಾರೆ. ಇವುಗಳನ್ನು ನೋಡಿ ಬಂದವರು ಮಾದರಿಯ ಟ್ಯಾಂಕನ್ನು ಆಟಿಕೆಯೆಂದು ನೋಡಲಾರರು.

ಯುದ್ಧ ಮುಗಿದ ಮೇಲೆ, ಹೊಲಗಳನ್ನು ಒಗ್ಗೂಡಿಸಿ ದೊಡ್ಡ ಯಂತ್ರ ಓಡಿಸಲೆಂದು ರೈತರೇ ಎಷ್ಟೋ ಬೇಲಿಗಳನ್ನು ಕಿತ್ತರು. ಉಳಿದವುಗಳ ನೆರಳಿನಲ್ಲಿ ಹಸುಗಳು ಮೇಯುತ್ತವೆ. ಹಲ್ಲು ಮಾಡಿ ಎಷ್ಟೋ ಜನರ ಜೀವ ಉಳಿಸಿದ ಕ್ಯುಲಿನ್, ಕೆಲವೇ ತಿಂಗಳ ನಂತರ ಜರ್ಮನಿಯ ಹುರ್ಟ್‌ಗೆನ್ ಕಾಡಿನಲ್ಲಿ ನೆಲಬಾಂಬಿಗೆ ತನ್ನ ಕಾಲು ಕಳೆದುಕೊಂಡ.