ಕಪ್ಪು ಟೇಪು ಹಚ್ಚಿದ ಹಸಿರು ದೀಪ

ನಮ್ಮೂರಲ್ಲಿ ಲೈಟಿನ ಕೆಲಸ ಅಂದರೆ ಜಾತ್ರೆಗೆ ಸೀರಿಯಲ್ ಸೆಟ್ ಕಟ್ಟುವುದು, ಮದುವೆ ಮನೆಗೆ ಫೋಕಸ್ ಲೈಟ್ ಹಾಕುವುದು, ಅಷ್ಟೇ. ಪತ್ರಿಕೋದ್ಯಮ ಓದಿ ಬೆಂಗಳೂರಿಗೆ ಬಂದು ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಹೊಟ್ಟೆಪಾಡಿಗೆ ಒಬ್ಬ ಎಲೆಕ್ಟ್ರಿಕಲ್ ಮೇಸ್ತ್ರಿ ಹತ್ತಿರ ಹೆಲ್ಪರ್ ಆಗಿ ಸೇರಿದೆ. ಚಾಮರಾಜಪೇಟೆಯಲ್ಲಿ ನಾಲ್ಕು ಜನಕ್ಕೆ ಒಂದು ರೂಮು. ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ ವೈರು, ಎಲ್‌ಇಡಿ ಸ್ಟ್ರಿಪ್, ಡಿಮ್ಮರ್ ತರುವುದು. ಮಧ್ಯಾಹ್ನದಿಂದ ಏಣಿ ಹತ್ತುವುದು.

ಒಂದು ಸಲ ಹೊಸ ಥರದ ಕೆಲಸ ಸಿಕ್ಕಿತು. ಹಗಲು ಫ್ಯಾಮಿಲಿ ರೆಸ್ಟೋರೆಂಟ್, ರಾತ್ರಿಯಾದರೆ ಅದೇ ಜಾಗ ನೈಟ್‌ಕ್ಲಬ್. ಮಧ್ಯಾಹ್ನ ಅಜ್ಜಿ, ಮೊಮ್ಮಕ್ಕಳು ಕೂತು ಉಂಡ ಮೇಜುಗಳು ರಾತ್ರಿ ಗೋಡೆಗೆ ಸರಿಯುತ್ತವೆ. ಗೋಡೆ ಅದೇ, ಕುರ್ಚಿ ಅದೇ. ಬದಲಾಗುವುದು ಬೆಳಕು ಮಾತ್ರ.

ಅದು ಹೇಗೆ ಅಂತ ಮೇಸ್ತ್ರಿ ಹೇಳಿಕೊಟ್ಟರು. ಊಟದ ಮೇಜಿಗೆ 2700 ಕೆಲ್ವಿನ್ ಬಲ್ಬು, ಅಂದರೆ ಹಳೇ ಗುಂಡು ಬಲ್ಬಿನಂಥ ಹಳದಿ ಬೆಳಕು. ನಮ್ಮ ಮನೆಗಳ ಬಿಳಿ ಟ್ಯೂಬ್‌ಲೈಟು ಸುಮಾರು 6500. ಅದರ ಕೆಳಗೆ ಸಾರು, ಪಲ್ಯ ಸಪ್ಪೆಯಾಗಿ ಕಾಣುತ್ತವೆ. ಬರೀ ನೀಲಿ ದೀಪ ಹಾಕಿದರೆ ಕೆಂಪು ಚಟ್ನಿ ಕಪ್ಪಗೆ ಕಾಣುತ್ತದೆ, ತಿನ್ನುವ ಮನಸ್ಸೇ ಬರುವುದಿಲ್ಲ. ಹಾಗಾಗಿ ಮೇಜಿನ ದೀಪ, ಗೋಡೆಯ ದೀಪ, ಕುಣಿಯುವ ಜಾಗದ ಬಣ್ಣದ ದೀಪ, ಮೂರಕ್ಕೂ ಬೇರೆ ಬೇರೆ ಲೈನು. ಸಂಜೆ ಕಳೆದ ಮೇಲೆ ಮೊದಲೆರಡನ್ನು ಡಿಮ್ಮರ್‌ನಲ್ಲಿ ನಿಧಾನಕ್ಕೆ ಇಳಿಸಬೇಕು. ಉಣ್ಣುತ್ತಿರುವವರಿಗೆ ಇಳಿದದ್ದೇ ಗೊತ್ತಾಗಬಾರದು. ಆಮೇಲೆ ಮೂರನೆಯದನ್ನು ಡಿಜೆ ಕೈಗೆ ಕೊಡುವುದು. ನನಗೆ ಈ ಕೆಲಸ ಬಹಳ ಇಷ್ಟವಾಯಿತು.

ಕೆಲಸ ಒಪ್ಪಿಸುವ ಸಂಜೆ ಮ್ಯಾನೇಜರ್ ಬಂದು ಎಲ್ಲ ನೋಡಿದರು. ಹಿಂದಿನ ಬಾಗಿಲ ಮೇಲಿದ್ದ ಹಸಿರು ಎಕ್ಸಿಟ್ ದೀಪ ತೋರಿಸಿ, "ಫೋಟೋದಲ್ಲೆಲ್ಲ ಇದೇ ಬರ್ತದೆ, ಏನಾದ್ರೂ ಮಾಡ್ರೀ" ಅಂದರು. ಮೇಸ್ತ್ರಿ ನನ್ನ ಕಡೆ ನೋಡಿದರು. ನಾನೇ ಏಣಿ ಹತ್ತಿ ಕಪ್ಪು ಇನ್ಸುಲೇಷನ್ ಟೇಪು ಹಚ್ಚಿದೆ. ಎರಡು ನಿಮಿಷದ ಕೆಲಸ.

ಆ ರಾತ್ರಿ ಶಿರಾ ಕಡೆಯ ಒಬ್ಬ ಸಪ್ಲೈಯರ್ ಹುಡುಗ ಮಾತಿಗೆ ಸಿಕ್ಕಿದ. "ಅಣ್ಣಾ, ನಿಮ್ ಲೈಟು ಚೆನ್ನಾಗೈತೆ. ಅಡಿಗೆಮನೆ ಮೆಟ್ಲು ಮಾತ್ರ ಕಾಣಲ್ಲ. ಏಳು ಮೆಟ್ಲು ಅಂತ ಎಣಿಸ್ಕೊಂಡು ಇಳೀತೀನಿ" ಅಂದ. ರಾತ್ರಿ ಎಲ್ಲಿ ಮಲಗ್ತೀಯ ಅಂತ ಕೇಳಿದೆ. "ಇಲ್ಲೇ, ಸ್ಟೋರ್ ಪಕ್ಕ."

ಆಟೋದಲ್ಲಿ ರೂಮಿಗೆ ಬರುವಾಗ ಕಲಾಸಿಪಾಳ್ಯ ದಾಟಿದೆವು. ಆಗ ನೆನಪಾಯಿತು. 2018ರ ಜನವರಿ 8ರ ನಸುಕಿನಲ್ಲಿ ಇಲ್ಲಿಯ ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಎಲ್ಲ ತುಮಕೂರು, ಹಾಸನ, ಮಂಡ್ಯ ಕಡೆಯವರು, ನಮ್ಮಂಥ ಮನೆಗಳವರು. 2025ರ ಡಿಸೆಂಬರಿನಲ್ಲಿ ಗೋವಾದ ಅರ್ಪೋರಾದ ನೈಟ್‌ಕ್ಲಬ್ ಬೆಂಕಿಯಲ್ಲಿ 25 ಜನ ಸತ್ತರು. ಅವರಲ್ಲೂ ಹೆಚ್ಚಿನವರು ಅಲ್ಲಿ ದುಡಿಯುತ್ತಿದ್ದವರೇ. ಬೆಂಕಿ ಬಿದ್ದರೆ ಕರೆಂಟು ಹೋಗಬಹುದು, ಹೊಗೆ ಕಣ್ಣು ಕಟ್ಟಬಹುದು. ಆಗ ಬ್ಯಾಟರಿ ಮೇಲೆ ಉರಿಯುವ ಆ ಹಸಿರು ದೀಪವೊಂದೇ ದಾರಿ ತೋರಿಸಬೇಕು. ಅದಕ್ಕೆ ನಾನು ಟೇಪು ಹಚ್ಚಿ ಬಂದಿದ್ದೆ. ನಿದ್ದೆ ಬರಲಿಲ್ಲ.

ಬೆಳಗ್ಗೆ ಮೇಸ್ತ್ರಿ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದರು. 1943ರಿಂದ ಇರುವ ಹೋಟೆಲ್ಲು. ಅಲ್ಲಿಯ ಸಪ್ಲೈಯರ್ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ತೋಳಿನುದ್ದಕ್ಕೂ ಜೋಡಿಸಿಕೊಂಡು ಬರುತ್ತಾರೆ. ತಟ್ಟೆ ಹೊತ್ತವರಿಗೆ ಕಾಲಿಡುವ ಜಾಗ ಕಾಣಬೇಕು. ಅದನ್ನು ನೋಡುತ್ತಲೇ ಮೇಸ್ತ್ರಿಗೆ ವಿಷಯ ಹೇಳಿದೆ.

"ಬಿಲ್ಲು ಇನ್ನೂ ಪಾಸಾಗಿಲ್ಲ ಕಣೋ" ಅಂದರು. ಅದರಲ್ಲಿ ನನ್ನ ಒಂಬತ್ತು ದಿನದ ಕೂಲಿಯೂ ಇತ್ತು. ಕಾಫಿ ಮುಗಿಯುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ, "ನಡಿ, ಟೇಪು ಕಿತ್ತು ಬರೋಣ" ಅಂದರು.

ಮ್ಯಾನೇಜರ್‌ಗೂ ಸಿಟ್ಟು ಬರದ ಹಾಗೆ ಮೇಸ್ತ್ರಿ ಒಂದು ಉಪಾಯ ಮಾಡಿದರು. ಜನ ಫೋಟೋ ತೆಗೆಸಿಕೊಳ್ಳಲು ನಿಲ್ಲುತ್ತಿದ್ದುದು ಚಂದದ ಗೋಡೆದೀಪದ ಮುಂದೆ. ಆ ದೀಪವನ್ನೇ ಎದುರು ಗೋಡೆಗೆ ಬದಲಿಸಿದೆವು. ಈಗ ಹಸಿರು ದೀಪ ಕ್ಯಾಮೆರಾದ ಬೆನ್ನ ಹಿಂದೆ. ಅಡಿಗೆಮನೆಯ ಏಳು ಮೆಟ್ಟಿಲ ಅಂಚಿಗೂ ಸಣ್ಣ ಎಲ್‌ಇಡಿ ಸ್ಟ್ರಿಪ್ ಅಂಟಿಸಿ, ಡಿಜೆ ಬೋರ್ಡಿಗೆ ಸೇರಿಸದೆ ಬ್ಯಾಟರಿ ಲೈನಿಗೆ ಕೊಟ್ಟೆವು. ಅದರ ದುಡ್ಡು ಮೇಸ್ತ್ರಿಯದೇ. ಆ ರಾತ್ರಿ ಹುಡುಗ ಟ್ರೇ ಹಿಡಿದು ಎಣಿಸದೇ ಇಳಿದ. ಬಿಲ್ಲು ಬಂದದ್ದು ಮಾತ್ರ ಎರಡು ತಿಂಗಳ ಮೇಲೆ.

ಆ ದೀಪಕ್ಕೆ ಮತ್ತೆ ಯಾರಾದರೂ ಟೇಪು ಹಚ್ಚಿರಬಹುದು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಹುಡುಗ ಪೇಟೆಯ ಬಾರಿನಲ್ಲೋ, ಹೋಟೆಲ್ಲಿನಲ್ಲೋ, ಕ್ಲಬ್ಬಿನಲ್ಲೋ ದುಡಿಯುತ್ತಿದ್ದರೆ ಮುಂದಿನ ಸಲ ಫೋನು ಮಾಡಿದಾಗ "ಊಟ ಆಯ್ತಾ" ಅಂತ ಕೇಳಿದ ಮೇಲೆ ಇನ್ನೆರಡು ಮಾತು ಕೇಳಿ. "ರಾತ್ರಿ ಎಲ್ಲಿ ಮಲಗ್ತೀಯ? ಕರೆಂಟು ಹೋದ್ರೆ ಆಚೆ ಬರೋ ಬಾಗ್ಲು ಕಾಣ್ತದಾ?"